ನಾರ್ಮನ್‌ಗೆ ಮಾತ್ರ

ಮದುವೆಯಾಗಿ ಮೂವತ್ತಾರು ವರ್ಷವಾದ ಮೇಲೆ ಗ್ಲೆನಿಸ್ ತನ್ನ ದಿಂಬು, ಹೊದಿಕೆ ಎತ್ತಿಕೊಂಡು ನಡುಮನೆಗೆ ಹೋಗಿ ನಾರ್ಮನ್ ಪಕ್ಕದಲ್ಲಿ ಮಲಗತೊಡಗಿದಳು. ಇಂಥ ಸಂಕಟವನ್ನು ಡೆಸ್ ಟ್ರೆಲೋರ್ ಯಾರ ಹತ್ತಿರ ತೋಡಿಕೊಳ್ಳಬೇಕು? ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಗೆಳೆಯ ಮರ್ವ್ ಹತ್ತಿರ ತೋಡಿಕೊಂಡ. ಮರ್ವ್ ಬಿಯರ್ ಗ್ಲಾಸನ್ನು ಕೆಳಗಿಟ್ಟ. ಮುಖ ಗಂಭೀರ ಮಾಡಿಕೊಂಡ.

"ಪಾಪ ಕಣೋ," ಎಂದ.

ಡೆಸ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಅರ್ಥ ಮಾಡಿಕೊಳ್ಳುವವನು ಒಬ್ಬನಾದರೂ ಇದ್ದಾನಲ್ಲ!

"ಪಾಪ, ಈಗ ಹೇಗಿದಾನೆ? ಕಾಲು ಊರ್ತಾನಾ?" ಎಂದ ಮರ್ವ್.

ಮರ್ವ್ ಕೇಳಿದ್ದು ನಾರ್ಮನ್ ವಿಷಯ. ನಾರ್ಮನ್ ಎಂದರೆ ನಾಯಿ. ಹಳದಿ ಲ್ಯಾಬ್ರಡಾರ್, ವಯಸ್ಸು ಒಂಬತ್ತು, ತೂಕ ನಲವತ್ತೊಂದು ಕಿಲೋ, ಮುಖದಲ್ಲಿ ಸದಾ ಪರಮ ಸಾಧುವಿನ ಕಳೆ. (ಅದು ಬರೀ ಮುಖದಲ್ಲಿ. ಕಸದ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಅವನು ಪಳಗಿದ ಕಳ್ಳ.) ಡಿಸೆಂಬರಿನ ಒಂದು ಶನಿವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ಊರಿನ ಅಗ್ನಿಶಾಮಕ ದಳದವರು ಎಂದಿನಂತೆ ಚಂದಾ ಎತ್ತಲು ಸಾಸೇಜ್ ಸುಡುತ್ತಿದ್ದರು. ಡೆಸ್ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಹಿಡಿದುಕೊಂಡು ಬಂದು, ತನ್ನ ಯೂಟ್ ಗಾಡಿಯ ಹಿಂದಿನ ತೆರೆದ ತೊಟ್ಟಿಯಲ್ಲಿ ನಿಂತಿದ್ದ ನಾರ್ಮನ್‌ಗೆ ಅದನ್ನು ತೋರಿಸಿದ. ('ತೋರಿಸಿದೆ ಅಷ್ಟೇ' ಎನ್ನುತ್ತಾನೆ ಡೆಸ್. 'ಮೂಗಿನ ಮುಂದೆ ಆಡಿಸಿದ' ಎನ್ನುತ್ತಾಳೆ ಗ್ಲೆನಿಸ್. ಅಲ್ಲಿದ್ದ ಹದಿನಾಲ್ಕು ಮಂದಿ ಗ್ಲೆನಿಸ್ ಕಡೆ.) ನಾರ್ಮನ್ ಹಾರಿದ. ಸಾಸೇಜು ಸಿಕ್ಕಿತು. ಹಿಂದಿನ ಎಡಗಾಲಿನ ಮೊಣಕಾಲಲ್ಲಿ ಲಿಗಮೆಂಟು ಪಟ್ಟೆಂದು ಹರಿಯಿತು.

ಜನವರಿಯ ಮೊದಲಲ್ಲಿ ಪಶುವೈದ್ಯೆ ಇಮೋಜೆನ್ ಮೂಳೆ ಕೊಯ್ದು, ಪ್ಲೇಟು ಕೂರಿಸಿ, ಸ್ಕ್ರೂ ತಿರುಗಿಸಿ, ಹೊಲಿದು, ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟಳು. ಹನ್ನೆರಡು ವಾರದ ಪಥ್ಯ. ಗ್ಲೆನಿಸ್ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಅಂದಿನಿಂದ ಆ ಮನೆಯ ರಾಜ್ಯಾಂಗ ಅದೇ. ಮೊದಲೆರಡು ವಾರ ನಾರ್ಮನ್ ಅಂಗಳಕ್ಕೆ ಹೋಗಿ ಬರುವುದು ಬಿಟ್ಟರೆ ಅಲುಗುವ ಹಾಗಿಲ್ಲ. ಹೋಗುವಾಗಲೂ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎತ್ತಿ ಹಿಡಿಯಬೇಕು. ಆಮೇಲೆ ದಿನಕ್ಕೆ ಮೂರು ಸಲ ಐದೈದು ನಿಮಿಷ ನಡಿಗೆ, ವಾರಕ್ಕೆ ಐದು ನಿಮಿಷ ಏರಿಕೆ. ಮೆಟ್ಟಿಲು ಕೂಡದು, ಸೋಫಾ ಕೂಡದು, ಚೆಂಡಿನ ಹೆಸರೇ ಎತ್ತಕೂಡದು. ಹತ್ತು ನಿಮಿಷ ಮೊಣಕಾಲಿಗೆ ತಣ್ಣನೆ ಒತ್ತು, ಹತ್ತು ನಿಮಿಷ ಕಾಲು ಮಡಚಿ ಬಿಡಿಸುವ ಸೇವೆ. ತೂಕ ಐದು ಕಿಲೋ ಇಳಿಯಲೇಬೇಕು.

ನಾಯಿಗೆ ಜಾರುವ ನೆಲ ಕೂಡದೆಂದು ಗ್ಲೆನಿಸ್ ಮನೆಯ ಚಾಪೆ, ಜಮಖಾನೆಗಳನ್ನೆಲ್ಲ ತಂದು ನಡುಮನೆಯ ಹಲಗೆ ನೆಲದ ಮೇಲೆ ಹಾಸಿದಳು. ಬಚ್ಚಲಿನ ಚಾಪೆಯೂ ಹೋಯಿತು. ಮರುದಿನ ಡೆಸ್ ಸ್ನಾನ ಮುಗಿಸಿ ಹೊರಗೆ ಕಾಲಿಟ್ಟವನು ಜಾರಿ ಬಾಗಿಲಿನ ಹಿಡಿಕೆಗೆ ಜೋತುಬಿದ್ದು ಬದುಕಿಕೊಂಡ.

"ಮೆತ್ತಗೆ! ನಾರ್ಮನ್ ಈಗ ತಾನೇ ಕಣ್ಮುಚ್ಚಿದಾನೆ," ಎಂದಳು ಗ್ಲೆನಿಸ್ ಒಳಗಿನಿಂದ.

ನಾರ್ಮನ್ ಓಡಾಡದಂತೆ ಸುತ್ತ ನಿಲ್ಲಿಸುವ ಕಂಬಿಯ ಕಟಕಟೆಗೆ ಜಾಗ ಬೇಕೆಂದು ಡೆಸ್‌ನ ಒರಗು ಕುರ್ಚಿ ಗ್ಯಾರೇಜಿಗೆ ಹೋಯಿತು. ಇಪ್ಪತ್ತೆರಡು ವರ್ಷದಿಂದ ಅವನ ಬೆನ್ನಿನ ಅಚ್ಚು ಹೊತ್ತ ಕುರ್ಚಿ ಅದು! ಅವನು ಟಿ.ವಿ.ಯ ಕ್ರಿಕೆಟ್ಟನ್ನು ಅಡುಗೆಮನೆಯ ಕಟ್ಟೆಗೆ ಮೊಣಕೈ ಊರಿ, ಬಸ್ಸಿಗೆ ಕಾಯುವವನ ಹಾಗೆ ನಿಂತು ನೋಡತೊಡಗಿದ. ಕ್ಲಬ್ಬಿನ ಹೆಂಗಸರು ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದುಕೊಟ್ಟರು. 'ಬೇಗ ಗುಣವಾಗು ನಾರ್ಮನ್' ಎಂಬ ಕಾರ್ಡಿನ ಮೇಲೆ ನಲವತ್ತೆರಡು ಸಹಿ. ಅದರಲ್ಲಿ ಮರ್ವ್‌ನದೂ ಇತ್ತು, ಪಕ್ಕದಲ್ಲಿ ಒಂದು ಮುತ್ತಿನ ಗುರುತು ಬೇರೆ.

ಡೆಸ್‌ನ ಹೊಟ್ಟೆ ಧಗಧಗ ಉರಿಯಲು ಇನ್ನೊಂದು ಕಾರಣವಿತ್ತು. ಆರು ವರ್ಷದ ಹಿಂದೆ ಅವನ ಮೊಣಕಾಲಿಗೂ ಇದೇ ಆಗಿತ್ತು. ಬಲಗಾಲು. ಆಸ್ಪತ್ರೆಯಿಂದ ಬಂದವನಿಗೆ ಕಾರ್ಡು ಬರಲಿಲ್ಲ, ಪಾತ್ರೆ ಬರಲಿಲ್ಲ. ಮರ್ವ್ ಬಾಗಿಲಲ್ಲಿ ತಲೆ ತೂರಿಸಿ "ಇನ್ನೂ ಇದೀಯೇನೋ?" ಎಂದದ್ದು ಬಿಟ್ಟರೆ ಲೋಕ ತನ್ನ ಪಾಡಿಗೆ ಇತ್ತು. ಊತಕ್ಕೆ ಒತ್ತಿಕೊಳ್ಳಲು ಗ್ಲೆನಿಸ್ ಫ್ರೀಜರಿನಿಂದ ಬಟಾಣಿ ಪೊಟ್ಟಣ ತೆಗೆದು ಅವನ ಕಡೆ ಎಸೆದಿದ್ದಳು. ಸಂಜೆ ಅದೇ ಬಟಾಣಿ ಬೆಂದು ಊಟದ ತಟ್ಟೆಗೆ ಬಂದಿತ್ತು. ಈಗ? ಈಗ ಫ್ರೀಜರಿನಲ್ಲಿ ಬಟಾಣಿಯ ಪೊಟ್ಟಣವೊಂದು ಪ್ರತ್ಯೇಕ ಕೂತಿತ್ತು. ಮೇಲೆ ಗ್ಲೆನಿಸ್‌ಳ ದುಂಡಗಿನ ಅಕ್ಷರ: 'ನಾರ್ಮನ್‌ಗೆ ಮಾತ್ರ.'

"ನನ್ನ ಕಾಲಿಗೆ ನೀನು ಇಷ್ಟೆಲ್ಲಾ ಮಾಡಿದ್ಯಾ?" ಎಂದು ಅವನು ಒಂದು ದಿನ ಕೇಳಿಯೇ ಬಿಟ್ಟ.

ಗ್ಲೆನಿಸ್ ನಾರ್ಮನ್‌ನ ಕಾಲು ಮಡಚುತ್ತಿದ್ದಳು. ತಲೆ ಎತ್ತಿ ಗಂಡನನ್ನು ಒಂದು ಥರ ನೋಡಿದಳು. "ಇಲ್ಲ. ಮಾಡ್ಲಿಲ್ಲ," ಎಂದಳು. ಮತ್ತೆ ನಾಯಿಯ ಕಡೆ ತಿರುಗಿ, "ಇನ್ನೊಂದೇ ಒಂದು ಸಲ, ನನ್ನ ಬಂಗಾರ," ಎಂದಳು.

ಬಂಗಾರ! ಆ ಮಾತು ಡೆಸ್‌ನ ಪಾಲಿಗೆ ಕೊನೆಯ ಸಲ ಬಿದ್ದದ್ದು ಯಾವ ಕಾಲದಲ್ಲೋ ಅವನಿಗೆ ನೆನಪಿರಲಿಲ್ಲ.

ಮಾರ್ಚಿಗೆ ಬಂದಾಗ ನಾರ್ಮನ್‌ಗೆ ಎಂಟು ವಾರ ಮುಗಿಯುತ್ತಿತ್ತು. ಆಗಲೇ ಡೆಸ್ ಒಂದು ಮಹಾರಹಸ್ಯ ಕಂಡುಹಿಡಿದದ್ದು. ಗ್ಲೆನಿಸ್ ಅಂಗಡಿಗೆ ಹೋಗಿದ್ದಳು. ಡೆಸ್ ಅಡುಗೆಮನೆಯಲ್ಲಿ ಪೇಸ್ಟಿ ತಿನ್ನುತ್ತಿದ್ದ. ಹಿಟ್ಟಿನ ಕಡುಬಿನೊಳಗೆ ಮಾಂಸ, ಆಲೂಗಡ್ಡೆ, ಟರ್ನಿಪ್ ತುಂಬಿ ಗ್ಲೆನಿಸ್ ಶುಕ್ರವಾರ ಶುಕ್ರವಾರ ಬೇಯಿಸುವ ಪೇಸ್ಟಿ. ತೆರೆದಿದ್ದ ಕಟಕಟೆಯಿಂದ ನಾರ್ಮನ್ ಎದ್ದು, ನಾಲ್ಕೂ ಕಾಲು ಊರಿಕೊಂಡು, ಮದುವಣಿಗನ ಹಾಗೆ ಠೀವಿಯಿಂದ ನಡೆದುಬಂದು ತಟ್ಟೆಯ ಮುಂದೆ ನಿಂತ. ಅಷ್ಟರಲ್ಲಿ ಹೊರಗೆ ಗ್ಲೆನಿಸ್‌ಳ ಕಾರಿನ ಸದ್ದಾಯಿತು. ನಾರ್ಮನ್‌ನ ಎಡಗಾಲು ತಾನೇ ತಾನಾಗಿ ಮೇಲೆದ್ದಿತು. ಕಿವಿ ಜೋತುಬಿದ್ದವು. ಕಣ್ಣಲ್ಲಿ ಲೋಕದ ದುಃಖವೆಲ್ಲ ಬಂದು ಕೂತಿತು. ಕುಂಟಿಕೊಂಡು ಬಾಗಿಲಿಗೆ ಹೋದ.

"ಅಯ್ಯೋ ಕಂದಾ, ಎದ್ದು ಬಂದ್ಯಾ? ಡೆಸ್, ನೋಡ್ಕೊಳ್ಳೋಕಾಗಲ್ವಾ ನಿನಗೆ?"

"ನಾಟಕ ಕಣೇ ಅದು! ಈಗ ತಾನೇ ನಾಲ್ಕು ಕಾಲಲ್ಲಿ ನಡೆದ!"

"ನಾಚ್ಕೆ ಆಗ್ಬೇಕು ನಿನಗೆ," ಎಂದಳು ಗ್ಲೆನಿಸ್.

ಡೆಸ್‌ಗೆ ನಾಚಿಕೆ ಆಗಲಿಲ್ಲ, ಜ್ಞಾನೋದಯ ಆಯಿತು. ನಾಯಿಗೆ ಬರುವ ವಿದ್ಯೆ ತನಗೆ ಬಾರದೇ? ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಗಂಡು ಹೆಣ್ಣು ಜೋಡಿಗಳ ಫೈನಲ್. ಬೌಲ್ಸ್ ಎಂದರೆ ಗೋಲಿಯಾಟದ ದೊಡ್ಡಣ್ಣ: ಕತ್ತರಿಸಿದ ಹುಲ್ಲಿನ ಮೇಲೆ ಭಾರದ ಚೆಂಡು ಉರುಳಿಸಿ ಆ ತುದಿಯ ಪುಟ್ಟ ಬಿಳಿ ಚೆಂಡಿನ ಪಕ್ಕಕ್ಕೆ ಕಳಿಸಬೇಕು. ಕ್ಲಬ್ಬಿನ ಗೋಡೆಯಲ್ಲಿ ಗೆದ್ದವರ ಹೆಸರಿನ ಹಲಗೆಯ ಮೇಲೆ 'ಡಿ. ಟ್ರೆಲೋರ್, ಜಿ. ಟ್ರೆಲೋರ್' ಎಂದು ಚಿನ್ನದ ಅಕ್ಷರದಲ್ಲಿ ಮೂರು ಕಡೆ ಬರೆದಿತ್ತು. ಪ್ರಪಂಚದಲ್ಲಿ ಅವರಿಬ್ಬರ ಹೆಸರು ಒಟ್ಟಿಗೆ, ನಡುವೆ ನಾಯಿಯಿಲ್ಲದೆ, ಇದ್ದದ್ದು ಅಲ್ಲೊಂದೇ ಕಡೆ. ನಾಲ್ಕನೆಯದೂ ಆಗಬೇಕು. ಅದಕ್ಕೆ ಮೊದಲು ಐದು ದಿನ ಕಾಲುನೋವು. ಐದು ದಿನ ಭರ್ಜರಿ ಸೇವೆ. ಶನಿವಾರ ಪವಾಡದಂತೆ ಗುಣ. ಭಾನುವಾರ ಹೆಂಡತಿಯ ಪಕ್ಕದಲ್ಲಿ ಫೈನಲ್. ಹಿತ್ತಿಲ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಅವನು ಗುರು ನಾರ್ಮನ್‌ನನ್ನೇ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ. ಅದೇ ಕಾಲು ಎತ್ತುವ ಭಂಗಿ, ಅದೇ ಕಣ್ಣು. ಕಿವಿ ಮಾತ್ರ ಜೋಲಲಿಲ್ಲ.

ಸೋಮವಾರ ಬೆಳಿಗ್ಗೆ ಗ್ಲೆನಿಸ್ ಬಟ್ಟೆ ಒಣಹಾಕುತ್ತಿದ್ದಾಗ ಅವನು ಶೆಡ್ಡಿನಿಂದ ಕುಂಟುತ್ತ ಹೊರಬಿದ್ದ.

"ಏನಾಯ್ತು?"

"ಏನಿಲ್ಲ. ಪರವಾಗಿಲ್ಲ ಬಿಡು." ಇದನ್ನು ಹೇಳದೆ ವಿಧಿಯಿಲ್ಲ. ಅವರ ಕಡಲೂರು ಪೋರ್ಟ್ ವೆಲ್ಬಿಯ ಗಂಡಸರಿಗೆ ಏನೇ ಆದರೂ ಬಾಯಲ್ಲಿ ಬರುವುದು ಇದೊಂದೇ ಮಾತು. ಮೀನು ದೋಣಿಯ ರಾಟೆಗೆ ಬೆರಳು ಸಿಕ್ಕಿ ಅರ್ಧ ಹೋದಾಗಲೂ ಮರ್ವ್ ಇದನ್ನೇ ಹೇಳಿ, ಉಳಿದರ್ಧಕ್ಕೆ ಕರವಸ್ತ್ರ ಸುತ್ತಿಕೊಂಡು ಏಡಿ ಎಣಿಸಿದ್ದ. ಆದರೆ ಡೆಸ್ ಈ ಸಲ ಅದನ್ನು ಹಲ್ಲು ಕಚ್ಚಿ, ಆಕಾಶ ನೋಡಿ, ನಡುವೆ ಒಂದು ನಿಟ್ಟುಸಿರಿಟ್ಟು ಹೇಳಿದ.

ಗ್ಲೆನಿಸ್ ಅವನ ಕಾಲುಗಳನ್ನು ನೋಡಿದಳು. ಬಟ್ಟೆಯ ಕ್ಲಿಪ್ಪು ಬಾಯಿಂದ ತೆಗೆದಳು. "ಅಯ್ಯೋ ನನ್ನ ಬಂಗಾರ! ಮತ್ತೆ ಮೊಣಕಾಲಾ? ಬಾ, ನನ್ನ ಹೆಗಲು ಹಿಡ್ಕೊ."

ಇಷ್ಟು ಸುಲಭವೆಂದು ಗೊತ್ತಿದ್ದರೆ ಅವನು ಜನವರಿಯಲ್ಲೇ ಕುಂಟುತ್ತಿದ್ದ. ಆ ದಿನ ಅವನಿಗೆ ದಿಂಬಿನ ಆಸರೆ ಸಿಕ್ಕಿತು, ಹಣೆಯ ಮೇಲೆ ಅವಳ ಕೈ ಸಿಕ್ಕಿತು. ನಾರ್ಮನ್ ಕಟಕಟೆಯಿಂದ ಇಣುಕಿ ನೋಡಿ ಅನುಮಾನದ ಮುಖ ಮಾಡಿದ. ಡೆಸ್ ಅವನಿಗೆ ನಾಲಿಗೆ ಚಾಚಿ ತೋರಿಸಿದ.

ಮಂಗಳವಾರ ಬೆಳಿಗ್ಗೆ ಗ್ಲೆನಿಸ್ ಫ್ರಿಜ್ಜಿನ ಮೇಲಿದ್ದ ಹಾಳೆಯ ಪಕ್ಕದಲ್ಲಿ ಅದರದೇ ಒಂದು ನಕಲನ್ನು ಅಂಟಿಸಿದಳು. ನೆತ್ತಿಯಲ್ಲಿ 'ನಾರ್ಮನ್' ಎಂಬುದನ್ನು ಹೊಡೆದುಹಾಕಿ 'ಡೆಸ್' ಎಂದು ಬರೆದಿದ್ದಳು.

"ಡಾಕ್ಟರ ಹತ್ರ ಕೇಳ್ದೆ. ಇನ್ನು ಐದು ವಾರ ಪುರುಸೊತ್ತಿಲ್ವಂತೆ. ಇಮೋಜೆನ್ ನಾಳೆನೇ ನೋಡ್ತೀನಿ ಅಂದ್ಲು, ಆದ್ರೆ ಅವಳಿಗೆ ಮನುಷ್ಯರನ್ನ ನೋಡೋ ಲೈಸೆನ್ಸ್ ಇಲ್ವಲ್ಲ. ಅಲ್ಲೀತನಕ ಇದನ್ನೇ ಮಾಡೋಣ. ಮೊಣಕಾಲು ಅಂದ್ರೆ ಮೊಣಕಾಲೇ ತಾನೇ?"

"ಅಷ್ಟೆಲ್ಲಾ ಬೇಡ ಗ್ಲೆನ್, ನಾನೇನು..."

"ನಿನಗೆ ಆಪರೇಷನ್ ಆಗಿಲ್ವಲ್ಲ, ನೇರ ಮೂರನೇ ವಾರದಿಂದ ಶುರು. ನಾರ್ಮನ್ ಒಂಬತ್ತನೇ ವಾರ. ಅವನು ನಿನಗಿಂತ ಸೀನಿಯರ್. ಅವನನ್ನ ನೋಡಿ ಕಲಿ."

ಹೀಗೆ ಶುರುವಾಯಿತು ಡೆಸ್‌ನ ವನವಾಸ. ಸೋಫಾ ಕೂಡದು, ನೆಟ್ಟನೆ ಬೆನ್ನಿನ ಅಡುಗೆಮನೆ ಕುರ್ಚಿಯೇ ಗತಿ. ಮೆಟ್ಟಿಲು ಕೂಡದು, ಶೆಡ್ಡಿಗೆ ಮೂರು ಮೆಟ್ಟಿಲು, ಬಿಯರ್ ಫ್ರಿಜ್ಜಿರುವುದು ಶೆಡ್ಡಿನಲ್ಲಿ. ತೂಕ ಇಳಿಯಬೇಕು, ಶುಕ್ರವಾರದ ಪೇಸ್ಟಿಯ ಮಾತೇ ಇಲ್ಲ. ಬೇಯಿಸಿದ ಕೋಳಿ, ಉಪ್ಪಿಲ್ಲದ ಅನ್ನ, ಎರಡು ತಟ್ಟೆ: ಒಂದು ಮೇಜಿನ ಮೇಲೆ, ಒಂದು ನೆಲದ ಮೇಲೆ. ನೆಲದ ಮೇಲಿನ ತಟ್ಟೆಯಲ್ಲಿ ಎರಡು ತುಂಡು ಕ್ಯಾರೆಟ್ ಜಾಸ್ತಿ ಇದ್ದದ್ದನ್ನು ಡೆಸ್ ಗಮನಿಸದೆ ಇರಲಿಲ್ಲ.

ಸಂಜೆ ಸಮುದ್ರದಂಡೆಯ ನಡಿಗೆ. ಗ್ಲೆನಿಸ್‌ಳ ಬಲಗೈಯಲ್ಲಿ ನಾರ್ಮನ್‌ನ ಹಗ್ಗ, ಎಡಗೈಯಲ್ಲಿ ಡೆಸ್‌ನ ತೋಳು. ಸರಿಯಾಗಿ ಐದು ನಿಮಿಷಕ್ಕೆ ಡೆಸ್‌ನನ್ನು ಕಟ್ಟೆಯ ಬೆಂಚಿನ ಮೇಲೆ ಕೂರಿಸಿ, "ಏಳ್ಬೇಡ, ಬರ್ತೀವಿ" ಎಂದು ಅವರಿಬ್ಬರೂ ಮುಂದೆ ಹೋಗುತ್ತಿದ್ದರು. ನಾರ್ಮನ್ ಹೋಗುವಾಗ ಒಮ್ಮೆ ತಿರುಗಿ ನೋಡುತ್ತಿದ್ದ. ದಾರಿಯಲ್ಲಿ ಸಿಕ್ಕವರೆಲ್ಲ ನಿಂತು "ನಾರ್ಮನ್ ಎಷ್ಟು ಚುರುಕಾಗಿದಾನೆ!" ಎನ್ನುವರು, ಬೆಂಚಿನ ಹತ್ತಿರ ಬಂದು, "ಏನೋ ಡೆಸ್, ನಾಯಿ ಕಾಯ್ತಿದೀಯಾ?" ಎನ್ನುವರು.

ಗುರುವಾರಕ್ಕೆ ಅವನಿಗೆ ಸಾಕುಸಾಕಾಯಿತು. ಎರಡು ದಿನ ಮೊದಲೇ ಪವಾಡ ನಡೆದುಹೋಗಲಿ ಎಂದು, "ಗ್ಲೆನ್, ನೋಡು ನೋಡು, ನೋವೇ ಇಲ್ಲ!" ಎಂದು ಅಡುಗೆಮನೆಯಲ್ಲಿ ಕುಣಿದು ತೋರಿಸಿದ.

ಗ್ಲೆನಿಸ್ ಹೌಹಾರಿ ಅವನನ್ನು ಹಿಡಿದು ಕೂರಿಸಿದಳು. "ಇಮೋಜೆನ್ ಇದನ್ನೇ ಹೇಳಿದ್ದು! ನೋವು ಹೋಯ್ತು ಅಂತ ಅವಕ್ಕೆ ಅನ್ಸುತ್ತಂತೆ, ಹಾರ್ತಾವಂತೆ, ಮತ್ತೆ ಹರ್ಕೊಳ್ತಾವಂತೆ. ಅತೀ ಅಪಾಯದ ಘಟ್ಟ ಇದೇನೇ."

"ಅವಕ್ಕೆ ಅಂದ್ರೆ ನಾಯಿಗಳಿಗೆ ಕಣೇ! ಮತ್ತೆ ಭಾನುವಾರ ಫೈನಲ್?"

"ಹಾಳೆ ಓದ್ಲಿಲ್ವಾ? ಹನ್ನೆರಡು ವಾರ ಚೆಂಡು ಮುಟ್ಟೋ ಹಾಗಿಲ್ಲ. ಸೋಮವಾರಾನೇ ಕ್ಲಬ್ಬಿಗೆ ಹೇಳಿದೀನಿ. ನಿನ್ನ ಬದಲಿಗೆ ಮರ್ವ್ ಆಡ್ತಾನೆ. ಪಾಪ, ಒಂದೇ ಮಾತಿಗೆ ಒಪ್ಕೊಂಡ."

ಒಪ್ಪದೆ ಏನು! ಮರ್ವ್ ಹೆಂಡತಿ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಹಲ್ಲುಗಳೆಲ್ಲ ಅವನವೇ. ಹುಲ್ಲಿನ ಮೇಲೆ ಚೆಂಡು ಬಿಡುವಾಗ ಈಗಲೂ ನೆಲಕ್ಕೆ ಮಂಡಿ ತಾಗುವಷ್ಟು ಬಗ್ಗುತ್ತಿದ್ದ. ಈವರೆಗೆ ಡೆಸ್‌ನ ಹೊಟ್ಟೆಕಿಚ್ಚಿಗೆ ನಾಲ್ಕು ಕಾಲಿತ್ತು. ಈಗ ಎರಡು ಕಾಲಿನದೂ ಹುಟ್ಟಿಕೊಂಡಿತು. ನಿಜ ಹೇಳಿಬಿಡಲೇ ಎಂದು ಹತ್ತು ಸಲ ಬಾಯಿ ತೆರೆದ. ಹೇಳಿದರೆ ಊರಿನಲ್ಲಿ ಸಾಯುವವರೆಗೂ ತಲೆ ಎತ್ತುವ ಹಾಗಿಲ್ಲ. ನೋವಾದಾಗ ಇಲ್ಲ ಎನ್ನುವ ಗಂಡಸರ ಊರಿನಲ್ಲಿ, ನೋವಿಲ್ಲದೆ ಇದೆ ಎಂದವನಿಗೆ ಯಾರು ಒಂದು ಗ್ಲಾಸು ಬಿಯರ್ ಕೊಡಿಸುತ್ತಾರೆ? ಬಾಯಿ ಮುಚ್ಚಿಕೊಂಡು ಕೋಳಿ ಅನ್ನ ತಿಂದ.

ಭಾನುವಾರ ಕ್ಲಬ್ಬಿನ ಮೈದಾನದಂಚಿನ ಬೆಂಚಿನ ಮೇಲೆ ಡೆಸ್, ಕೈಯಲ್ಲಿ ಊರುಗೋಲು. ಬೆಂಚಿನ ಕಾಲಿಗೆ ಕಟ್ಟಿದ ಹಗ್ಗದ ತುದಿಯಲ್ಲಿ ನಾರ್ಮನ್. ಗ್ಲೆನಿಸ್ ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟು ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಅವಳ ಚೆಂಡು ಚೆನ್ನಾಗಿ ಬಿದ್ದರೆ ಮರ್ವ್ "ಅಬ್ಬಬ್ಬಾ, ಏನ್ ಕೈ ಮಾರಾಯ್ತಿ!" ಎನ್ನುತ್ತಿದ್ದ. ಮೂವತ್ತಾರು ವರ್ಷದಲ್ಲಿ ಡೆಸ್ ಅವಳಿಗೆ ಹೇಳುತ್ತ ಬಂದದ್ದು "ಇನ್ನೊಂದ್ಸ್ವಲ್ಪ ಎಡಕ್ಕೆ" ಎಂದು.

ಕೊನೆಯ ಸುತ್ತು, ಸಮಸಮ. ಮರ್ವ್ ಮಂಡಿ ಬಗ್ಗಿಸಿ ಚೆಂಡು ಬಿಟ್ಟ. ಅದು ಬಳುಕಿ ಬಳುಕಿ ಹೋಗಿ ಬಿಳಿ ಚೆಂಡಿಗೆ ಮುತ್ತಿಟ್ಟು ನಿಂತಿತು. ಕ್ಲಬ್ಬಿಗೆ ಕ್ಲಬ್ಬೇ ಹೋ ಎಂದಿತು. ಗ್ಲೆನಿಸ್ ಓಡಿಹೋಗಿ ಮರ್ವ್‌ನನ್ನು ಅಪ್ಪಿಕೊಂಡಳು. ಅಪ್ಪಿಕೊಂಡವಳು ಬಿಡಬೇಕೋ ಬೇಡವೋ? ಬಿಡಲಿಲ್ಲ. ಗೋಡೆಯ ಹಲಗೆ ಡೆಸ್‌ನ ಕಣ್ಣಿಗೆ ಕಟ್ಟಿತು: 'ಎಂ. ಸ್ಟೋಕ್ಸ್, ಜಿ. ಟ್ರೆಲೋರ್', ಚಿನ್ನದ ಅಕ್ಷರ, ಸೂರ್ಯ ಚಂದ್ರ ಇರುವವರೆಗೆ.

"ಬಿಡೋ ಅವಳನ್ನ!"

ಊರುಗೋಲು ಒಂದು ಕಡೆ ಹಾರಿತು, ಡೆಸ್ ಇನ್ನೊಂದು ಕಡೆ ಹಾರಿದ. ಮೈದಾನದ ಸುತ್ತಲಿನ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿ, ದಪ್ಪ ಹಿಮ್ಮಡಿಯ ಬೂಟುಗಳಲ್ಲಿ ಆ ಪವಿತ್ರ ಹುಲ್ಲಿನ ಮೇಲೆ ಧಡಧಡ ಓಡಿದ. ಅರವತ್ತು ಮಂದಿ ಉಸಿರು ಬಿಗಿಹಿಡಿದರು. ಅವನ ಮೊಣಕಾಲಿನ ಪವಾಡಕ್ಕಲ್ಲ.

"ಹುಲ್ಲಿನ ಮೇಲೆ ಬೂಟು! ಬೂಟು!" ಎಂದು ಮೈದಾನ ನೋಡಿಕೊಳ್ಳುವ ಮುದುಕ ಎದೆ ಹಿಡಿದುಕೊಂಡು ಅರಚಿದ.

ಡೆಸ್ ಹೆಂಡತಿಯ ಮುಂದೆ ಬಂದು ನಿಂತ. ಏದುಸಿರು. ಆಗ ಅವನಿಗೆ ನೆನಪಾಯಿತು. ಮೆಲ್ಲಗೆ ಒಂದು ಕಾಲು ಎತ್ತಿದ. "ಗ್ಲೆನ್... ನನ್ನ ಕಾಲು..."

"ಯಾವ ಕಾಲು?" ಎಂದಳು ಗ್ಲೆನಿಸ್.

ಡೆಸ್ ಕೆಳಗೆ ನೋಡಿದ. ಎತ್ತಿದ್ದು ಎಡಗಾಲು. ಇಡೀ ವಾರ ಎತ್ತಿದ್ದು ಎಡಗಾಲು. ಅದು ನಾರ್ಮನ್‌ನ ಕಾಲು. ತನ್ನದು ಬಲ. ಅದನ್ನು ಇಳಿಸಿ ಇನ್ನೊಂದನ್ನು ಎತ್ತುವಷ್ಟರಲ್ಲಿ ಹೊತ್ತು ಮೀರಿತ್ತು.

"ನಾರ್ಮನ್ ನಾಟಕ ಆಡಿದ್ರೂ ಒಂದೇ ಕಾಲಲ್ಲಿ ಆಡ್ತಾನೆ," ಎಂದಳು ಗ್ಲೆನಿಸ್. ಮರ್ವ್‌ಗೆ ಇದ್ದಕ್ಕಿದ್ದಂತೆ ಅಂಕದ ಹಲಗೆಯ ಹತ್ತಿರ ತುರ್ತು ಕೆಲಸ ಬಂತು.

"ಸೋಮವಾರಾನೇ ಗೊತ್ತಾಯ್ತಾ?" ಎಂದ ಡೆಸ್. " ಗೊತ್ತಿದ್ದೂ ನನ್ನ..."

"ಆರು ವರ್ಷ ಕಾದಿದೀನಿ ಡೆಸ್. ನಿನ್ನ ಆಪರೇಷನ್ ಆದಾಗ ನಾನು ಒಂದು ವಾರ ರಜೆ ಹಾಕಿದ್ದೆ. ನಡುಮನೇಲಿ ಹಾಸಿಗೆ ಹಾಸಿದ್ದೆ, ಸೂಪ್ ಮಾಡಿದ್ದೆ. ಸೂಪ್ ತಂದು ಮುಂದಿಟ್ರೆ ನೀನೇನಂದೆ, ನೆನಪಿದೆಯಾ?"

ನೆನಪಿರಲಿಲ್ಲ. ಆಮೇಲೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

"'ಉಪಚಾರ ಗಿಪಚಾರ ಬೇಡ ಗ್ಲೆನ್, ನಾನೇನು ನಾಯಿನಾ' ಅಂದೆ. ಮರ್ವ್ ಮುಂದೆ ಅಂದೆ. ಊರುಗೋಲು ತಗೊಂಡು ಅವನ ಜೊತೆ ಕ್ಲಬ್ಬಿಗೆ ಹೋದೆ. ಸೂಪ್ ಮೂರು ದಿನ ನಾನೊಬ್ಬಳೇ ಕುಡಿದೆ." ಅವಳ ದನಿ ಸ್ವಲ್ಪ ಒಡೆಯಿತು. "ಮಾಡೋಕೆ ನನಗೆ ಆಸೆ ಇತ್ತು ಕಣೋ. ನಾರ್ಮನ್ ಒಂದಿನಾನೂ ಬೇಡ ಅನ್ಲಿಲ್ಲ."

ಡೆಸ್ ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದ. ಅವನು ತಿರುಗಿ ಬೆಂಚಿನ ಕಡೆ ನೋಡಿದ. ಇಷ್ಟೆಲ್ಲ ಗದ್ದಲದಲ್ಲೂ ನಾರ್ಮನ್ ಕಟ್ಟಿದಲ್ಲೇ ಕೂತಿದ್ದ. ಒಂಬತ್ತನೇ ವಾರದಲ್ಲಿ ಹಾರಬಾರದೆಂದು ಅವನಿಗೆ ಗೊತ್ತಿತ್ತು.

ಬೂಟಿನ ಅಪರಾಧಕ್ಕೆ ಕ್ಲಬ್ಬು ಡೆಸ್‌ಗೆ ಮೂರು ತಿಂಗಳ ಬಹಿಷ್ಕಾರ ಹಾಕಿತು. ಸೋಮವಾರ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಹೋದರೆ ಮೊಣಕಾಲು ಮಡಚುತ್ತಿಲ್ಲ. ಊದಿಕೊಂಡು ಎಲೆಕೋಸಿನ ಗಾತ್ರವಾಗಿತ್ತು. ಕಾಲುವೆ ಹಾರಿದ ಪ್ರಸಾದ. ಈ ಸಲ ನಿಜವಾಗಿಯೂ ಎಡಗಾಲು. ಗೋಡೆ ಹಿಡಿದು ಹಿಡಿದು ನಡುಮನೆಗೆ ಬಂದ.

ಗ್ಲೆನಿಸ್ ನೆಲದ ಮೇಲೆ ಕೂತು ಬಟಾಣಿ ಪೊಟ್ಟಣವನ್ನು ಟವೆಲ್ಲಿನಲ್ಲಿ ಸುತ್ತಿ ನಾರ್ಮನ್‌ನ ಕಾಲಿಗೆ ಒತ್ತಿ ಹಿಡಿದಿದ್ದಳು. ತಲೆ ಎತ್ತಿ ಅವನ ಮೊಣಕಾಲನ್ನು ನೋಡಿದಳು. ಈ ಊತ ಶೆಡ್ಡಿನಲ್ಲಿ ಅಭ್ಯಾಸ ಮಾಡಿ ಬರುವಂಥದಲ್ಲ. ಆದರೂ ಅವಳು ತಾನಾಗಿ ಏನೂ ಕೇಳಲಿಲ್ಲ, ಸುಮ್ಮನೆ ಕಾದಳು.

'ಪರವಾಗಿಲ್ಲ ಬಿಡು' ಎಂಬ ಮಾತು ಡೆಸ್‌ನ ನಾಲಿಗೆಯ ತುದಿಗೆ ಬಂದಿತ್ತು. ಅರವತ್ತೆರಡು ವರ್ಷದ ಅಭ್ಯಾಸ. ಅವನು ಅದನ್ನು ನುಂಗಿದ. ಕಷ್ಟಪಟ್ಟು ಬಗ್ಗಿ, ಜಮಖಾನೆಯ ಮೇಲೆ ನಾರ್ಮನ್‌ನ ಪಕ್ಕದಲ್ಲಿ ಕೂತು ಕಾಲು ಚಾಚಿದ.

"ಗ್ಲೆನ್, ನೋಯ್ತಿದೆ," ಎಂದ. "ತುಂಬಾ ನೋಯ್ತಿದೆ. ಸ್ವಲ್ಪ ಉಪಚಾರ ಮಾಡ್ತೀಯಾ?"

ಗ್ಲೆನಿಸ್ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಗಡಿಯಾರ ನೋಡಿದಳು.

"ಮಾಡ್ತೀನಿ, ಬಂಗಾರ," ಎಂದಳು. "ನಾರ್ಮನ್‌ದು ಇನ್ನು ಆರು ನಿಮಿಷ ಇದೆ. ಆಮೇಲೆ ನಿನ್ನ ಸರದಿ."